ಅವಳ ಬಾಯಲ್ಲೇ ಹೇಳಿಸಿದ ಪ್ರಾರ್ಥನೆ

ಅವಳ ಪಂಗಡದವರೆಲ್ಲ ಅವಳನ್ನು ವಕೀಲಮ್ಮ ಎಂದೇ ಕರೆಯುತ್ತಿದ್ದರು. ಅವಳು ಕಾನೂನು ಓದಿದವಳಲ್ಲ. ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಕೊನೆಯ ವರ್ಷದಲ್ಲಿದ್ದಳು. ಆದರೆ ಕುಟುಂಬ ಈ ದೇಶಕ್ಕೆ ಬಂದಾಗ ಇಲ್ಲಿನ ಭಾಷೆಗೆ ಮೊದಲು ಹೊಂದಿಕೊಂಡದ್ದು ಅವಳ ನಾಲಿಗೆ. ಅಂದಿನಿಂದ ಯಾರ ಮನೆಯ ನಲ್ಲಿ ಸೋರಲಿ, ಯಾರ ಹಲ್ಲು ನೋಯಲಿ, ಕೌಂಟರಿನ ಮುಂದೆ ನಿಂತು ವಾದಿಸುವ ಕೆಲಸ ಅವಳದೇ.

ತಾಯಿಯಿಲ್ಲದ ಆ ಮನೆಯಲ್ಲಿ ತಂದೆ, ಅವನ ಅಕ್ಕ ಮತ್ತು ಅವಳು, ಮೂವರೇ. ತಂದೆ ಸೋಫಾ ರಿಪೇರಿ ಮಾಡುತ್ತಿದ್ದ. ಸ್ಪ್ರಿಂಗ್ ಬಿಗಿದು, ಬಟ್ಟೆ ಎಳೆದು ಮೊಳೆ ಹೊಡೆಯುವುದರಲ್ಲಿ ಎತ್ತಿದ ಕೈ. ಗಿರಾಕಿ ಬಾಯಿ ತೆರೆದರೆ ಮಾತ್ರ ಮಗಳ ಮುಖ ನೋಡುತ್ತಿದ್ದ. ಮೂತ್ರಪಿಂಡದ ಡಾಕ್ಟರರ ಎದುರಿಗೂ ಅಷ್ಟೆ. ಮಗಳು ಹೇಳುವ ತನಕ ಅವನ ಕಾಯಿಲೆ ಅವನಿಗೆ ನಿಜವಾಗುತ್ತಿರಲಿಲ್ಲ.

ಕೃತಕ ಕಾಲು ಮಾಡುವ ವಿದ್ಯೆ ಕಲಿಯಬೇಕೆಂಬುದು ಅವಳ ಆಸೆ. ಅದನ್ನು ಕಲಿಸುವ ವಿಶ್ವವಿದ್ಯಾಲಯ ದೂರದ ಊರಿನಲ್ಲಿತ್ತು. ಅಲ್ಲಿ ಸೀಟು ಸಿಕ್ಕಿದ ದಿನ ಅವಳು ತಂದೆಗೊಬ್ಬನಿಗೇ ಹೇಳಿದಳು.

“ಅತ್ತೆಗೆ ಈಗಲೇ ಹೇಳ್ಬೇಡಪ್ಪಾ. ಸುಮ್ನೆ ಡಂಗುರ ಆಗುತ್ತೆ.”

ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ತಂದೆ ನಕ್ಕ. “ನಾನು ಕುರ್ಚಿಗೆ ಕಾಲು ಹಾಕ್ತೀನಿ, ನೀನು ಮನುಷ್ಯರಿಗೆ ಹಾಕು. ಹೋಗು ತಾಯಿ, ನಾನಿದ್ದೀನಿ.”

ಅವರ ಪಂಗಡದ ಪ್ರಾರ್ಥನೆ ನಡೆಯುತ್ತಿದ್ದುದು ಒಂದು ಲಾಂಡ್ರಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಅಲ್ಲೊಂದು ಪದ್ಧತಿಯಿತ್ತು. ಪಂಗಡದ ಹಿರಿಯರೊಬ್ಬರು ಕಣ್ಣು ಮುಚ್ಚಿ ಕೂರುತ್ತಾರೆ. ಬೇಡಿಕೆಯಿದ್ದವರು ಒಬ್ಬೊಬ್ಬರಾಗಿ ಬಂದು ಅವರ ಕಿವಿಯಲ್ಲಿ ಪಿಸುಗುಡುತ್ತಾರೆ. ಆಮೇಲೆ ಹಿರಿಯರು ಹೆಸರು ಹೇಳದೆ ಅದನ್ನೆಲ್ಲ ಗಟ್ಟಿಯಾಗಿ ದೇವರ ಮುಂದಿಡುತ್ತಾರೆ, ಸಭೆ ‘ಹಾಗೇ ಆಗಲಿ’ ಎನ್ನುತ್ತದೆ. ತಾಯ್ನುಡಿ ಮರೆತ ಎಳೆಯರಿಗಾಗಿ ಪ್ರತಿ ಮಾತನ್ನೂ ಇಲ್ಲಿನ ಭಾಷೆಗೆ ತಿರುಗಿಸುತ್ತಿದ್ದವಳು ವಕೀಲಮ್ಮ. ಒಂದು ಮಾತು ಸೇರಿಸುವಂತಿಲ್ಲ, ಒಂದು ಮಾತು ಬಿಡುವಂತಿಲ್ಲ. ಆ ಕೆಲಸವನ್ನು ಅವಳು ದೇವರ ಸೇವೆಯೆಂದೇ ನಂಬಿದ್ದಳು.

ಆ ವಾರ ಪರೀಕ್ಷೆಯಿದೆ, ಬರುವುದಿಲ್ಲ ಎಂದು ಮನೆಯಲ್ಲಿ ಹೇಳಿ ಹೋಗಿದ್ದಳು. ಕರೆಂಟು ಕೈಕೊಟ್ಟು ಪರೀಕ್ಷೆ ಮುಂದಕ್ಕೆ ಹೋಯಿತು. ಅವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಹಿರಿಯರ ಪಕ್ಕ ನಿಂತಾಗ ಪಿಸುಮಾತು ಮುಗಿದಿತ್ತು. ಮೊದಲು ಒಂದು ಹೆರಿಗೆ, ಆಮೇಲೆ ಯಾರದೋ ಮಂಡಿನೋವು. ಎರಡನ್ನೂ ತಿರುಗಿಸಿದಳು.

“ಒಬ್ಬ ತಂದೆ ಬೇಡುತ್ತಿದ್ದಾನೆ,” ಎಂದರು ಹಿರಿಯರು. “ಕೃತಕ ಕಾಲು ಮಾಡುವುದನ್ನು ಕಲಿಯಲು ಅವನ ಮಗಳು ದೂರ ಹೊರಟಿದ್ದಾಳೆ. ದೇವರೇ, ಆ ದಾರಿ ಮುಚ್ಚು. ಅವಳಿಗೆ ಸಿಕ್ಕ ಸೀಟು ತಪ್ಪಿಹೋಗಲಿ.”

ಹಿರಿಯರು ಕಾದರು. ಎಳೆಯರು ಕತ್ತೆತ್ತಿ ಅವಳನ್ನು ನೋಡಿದರು. ಅವಳು ಹೇಳಿದಳು, ಒಂದು ಮಾತೂ ಬಿಡದೆ. ಸಭೆ ‘ಹಾಗೇ ಆಗಲಿ’ ಎಂದಿತು. ಮುಂದಿನ ಸಾಲಿನಲ್ಲಿದ್ದ ತಂದೆ ತನ್ನ ಬೂಟುಗಳನ್ನು ನೋಡುತ್ತ ತುಟಿಯಾಡಿಸಿದ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು. “ಹೋಗು ತಾಯಿ ಅಂದ್ಯಲ್ಲಪ್ಪಾ?”

“ದೇವರ ಹತ್ರ ಕೇಳ್ದೆ. ನಿನ್ನ ಕೈಯೇನು ಹಿಡ್ಕೊಂಡ್ನಾ? ನೀನೂ ಕೇಳ್ಕೋ, ಯಾರದು ನಡಿಯುತ್ತೋ ನಡೀಲಿ.”

“ಅದನ್ನ ನನ್ನ ಬಾಯಲ್ಲೇ ಹೇಳಿಸ್ದ್ಯಲ್ಲ.”

“ನೀನು ಬರ್ತೀಯ ಅಂತ ನನಗೇನು ಕನಸು ಬಿದ್ದಿತ್ತಾ?”

ಅಡುಗೆಮನೆಯಿಂದ ಅತ್ತೆ ತಲೆ ಹಾಕಿದಳು. “ಕಳ್ಳತನಕ್ಕೆ ದೇವರನ್ನೇ ಜೊತೆಗೆ ಕರೆದ್ಯೇನೋ? ಭೇಷ್!”

“ನೀನು ಸುಮ್ನಿರಕ್ಕ.” ತಂದೆಯ ದನಿ ಒಡೆಯಿತು. “ಇವಳು ಹೋದ್ರೆ ಆಸ್ಪತ್ರೇಲಿ ನನ್ನ ಪರವಾಗಿ ಮಾತಾಡೋರು ಯಾರು? ನಾಳೆ ಡಾಕ್ಟ್ರು ಸಾಯ್ತೀಯ ಅಂದ್ರೂ ನಾನು ಹ್ಞೂಂ ಹ್ಞೂಂ ಅಂತ ತಲೆ ಆಡಿಸ್ಕೊಂಡು ಕೂತಿರ್ತೀನಿ.”

ಅವಳು ಚಪ್ಪಲಿ ಬಿಚ್ಚಿ ಗೋಡೆಯ ಪಕ್ಕಕ್ಕಿಟ್ಟಳು.

“ಈ ಮಾತನ್ನ ನನಗೆ ಹೇಳಿದ್ರೆ ಇದ್ದುಬಿಡ್ತಿದ್ದೆನೋ ಏನೋ. ನಿನ್ನನ್ನೂ ಕರ್ಕೊಂಡು ಹೋಗ್ತಿದ್ದೆನೋ ಏನೋ. ನೀನು ನನ್ನನ್ನ ಕೇಳ್ಲೇ ಇಲ್ಲ.”

ಮರುದಿನ ಸೀಟು ಖಚಿತಪಡಿಸಿದಳು. ದೇವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವನು ಆ ಬೇಡಿಕೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲವಲ್ಲ. ಪ್ರಾರ್ಥನೆಯನ್ನೂ ಬಿಡಲಿಲ್ಲ. ಆದರೆ ಹೊರಡುವ ತನಕ ಲಾಂಡ್ರಿಯ ಮೆಟ್ಟಿಲು ಹತ್ತಲಿಲ್ಲ. ಆಸ್ಪತ್ರೆಯವರೊಂದಿಗೆ ಮಾತಾಡಿ ತಂದೆಗೊಬ್ಬ ದುಭಾಷಿಯನ್ನು ಗೊತ್ತುಮಾಡಿಸಿದಳು. ಕ್ಷಮಿಸಿ ಮಾಡಿದ್ದಲ್ಲ, ಆಗಬೇಕಾದ ಕೆಲಸವೆಂದು ಮಾಡಿದ್ದು.

ಬಸ್ಸು ಹೊರಡುವಾಗ ತಂದೆ ಕಿಟಕಿಯ ಕೆಳಗೆ ಬಂದು ನಿಂತ.

“ಮುಟ್ಟಿದ ತಕ್ಷಣ ಫೋನ್ ಮಾಡಮ್ಮ.”

“ಅತ್ತೆಗೆ ಮಾಡ್ತೀನಿ,” ಎಂದಳು ಅವಳು.