ಓಣಿ ತುದಿತನಕ

“ಊರ ಗಾಡಿ ಎಲ್ಲಾ ರಿಪೇರಿ ಮಾಡ್ತಾನ, ತನ್ನ ಗಾಡಿ ಮಾತ್ರ ನೂಕ್ಕೊಂತ ಹೋಗ್ತಾನ” ಅಂತ ರಾಮದುರ್ಗದ ನಮ್ಮ ಓಣಿಯವರು ಸೈಲೆನ್ಸರ್ ಮಾಬೂಸಾಬನನ್ನು ನೋಡಿ ನಗುತ್ತಿದ್ದರು. ಅಂಗಡಿಯಲ್ಲಿ ಅವನದು ಬರೀ ಹೊಗೆಯ ಮಾತು. “ಡೀಸೆಲ್ ಅಂದ್ರ ಉಂಡು ತೇಗೋ ಪೈಲ್ವಾನ್ರಿ, ಮಸಿ ಭಾಳ, ಅಗಲ ಪೈಪ್ ಬೇಕು. ಪೆಟ್ರೋಲ್ ಸಿಟ್ಟಿನ ಸೊಸಿ, ಮಸಿ ಕಡಿಮಿ, ಕಾವು ಜಾಸ್ತಿ, ಕಾವು ತಡಿಯೋ ಪೈಪ್ ಬೇಕು” ಅನ್ನುತ್ತ, ಮಕ್ಕಳ ಮೂಗು ಒರೆಸಿದಂತೆ ಕೊಳವೆಯ ಬಾಯಿ ಒರೆಸುತ್ತಿದ್ದ. “ಹಂಗಾರ ಯಾವ ಹೊಗಿ ಚಲೋರಿ?” ಅಂದರೆ ಮಾತ್ರ “ನಮ್ಮ ಜುಬೇದಾಗ ಎರಡೂ ಆಗಂಗಿಲ್ರಿ” ಅಂತ ಮೆತ್ತಗಾಗುತ್ತಿದ್ದ. ಹೆಂಡತಿಗೆ ದಮ್ಮಿನ ರೋಗ; ಅದಕ್ಕೇ ಅವನ ಗಾಡಿ ಚಾಲೂ ಆಗುತ್ತಿದ್ದದ್ದು ಓಣಿಯ ತುದಿಯಲ್ಲಿ. ಮೊನ್ನೆ ಅವನ ಶವ ಹೊತ್ತ ಜನಾಜಾ ಮನೆಯಿಂದ ಹೊರಟಾಗ ಜುಬೇದಾಬಿ ಬಾಗಿಲಲ್ಲೇ ನಿಂತಿದ್ದಳು. ಹಿಂದೆ ಹೊರಟ ಗಿರಾಕಿಗಳೆಲ್ಲ ತಂತಮ್ಮ ಮೋಟರ್‌ಸೈಕಲ್ಲನ್ನು ಓಣಿ ತುದಿತನಕ ನೂಕಿಕೊಂಡೇ ನಡೆದರು.