ಯಾವ ತೂಕ?

ಸಿಟ್ಟು ಬಂದರೆ ಶಾಂತಲಕ್ಕ ಕೂಗಾಡುತ್ತಿರಲಿಲ್ಲ. ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿ, ಡೇಟಾಬೇಸಿನಲ್ಲಿ ನಾವಿಟ್ಟ ಕಾಲಂ ಹೆಸರುಗಳನ್ನು ಹಾಜರಿ ಕರೆಯುವ ಮೇಷ್ಟ್ರಂತೆ ಒಂದೊಂದಾಗಿ ಓದುತ್ತಿದ್ದರು. “ಡೇಟಾ. ಡೇಟಾ ಒಂದು. ಟೆಂಪ್. ಟೆಂಪ್ ಹೊಸಾದು.” ಆಮೇಲೆ ನನ್ನ ಮುಖ ನೋಡಿ, “ತಮ್ಮಾ, ಮಂದಿ ನಾಯಿಗೂ ಇದಕಿಂತ ಚಂದ ಹೆಸರಿಡತಾರ” ಅನ್ನುತ್ತಿದ್ದರು.

ಅವರು ಗದಗದವರು. ಗರುಡಾಚಾರ್‌ಪಾಳ್ಯದ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಪಕ್ಕದ ಕುರ್ಚಿ ಅವರದು. ನನ್ನ ಫೋನಿನಲ್ಲಿ ‘ರವಿ’, ‘ರವಿ ಹೊಸ’, ‘ರವಿ ೨’ ಅಂತಿದ್ದದ್ದನ್ನು ನೋಡಿ ಒಂದು ದಿನವೆಲ್ಲ ಬೈದಿದ್ದರು. “ನಾಳೆ ಓದಾಂವ ನಿನ್ನ ಕೇಳಾಕ ಬರೂದಿಲ್ಲ. ಹೆಸರಾ ಹೇಳಬೇಕು.”

ಆಗ ನಾವು ಒಂದು ಡಯಾಲಿಸಿಸ್ ಕೇಂದ್ರಕ್ಕೆ ತಂತ್ರಾಂಶ ಮಾಡುತ್ತಿದ್ದೆವು. ರೋಗಿ ಬಂದಾಗಿನ ತೂಕ, ಹೊರಟಾಗಿನ ತೂಕ, ಇಷ್ಟಕ್ಕೆ ಇಳಿಸಬೇಕೆಂದು ವೈದ್ಯರು ಗೊತ್ತು ಮಾಡಿದ ತೂಕ: ಮೂರಕ್ಕೂ ಯಾರೋ ‘ತೂಕ’, ‘ತೂಕ ೧’, ‘ತೂಕ ೨’ ಎಂದು ಇಂಗ್ಲಿಷಿನಲ್ಲಿ ಗೀಚಿ ಹೋಗಿದ್ದರು. ಬದಲಿಸಲೇಬೇಕೆಂದು ಅಕ್ಕ ಪಟ್ಟು ಹಿಡಿದರು.

“ಹೆಸರು ತಾನೇ ಮೇಡಂ? ಕೋಡ್ ಓಡ್ತಿದ್ಯಲ್ಲ. ರಿಲೀಸ್ ಆಗ್ಲಿ, ಆಮೇಲ್ ನೋಡೋಣ” ಎಂದ ಮ್ಯಾನೇಜರ್.

ಆ ‘ಆಮೇಲೆ’ ಬರಲೇ ಇಲ್ಲ. ಹೊಸದಾಗಿ ಸೇರಿದವರೊಬ್ಬರು ನರ್ಸುಗಳು ನೋಡುವ ಪರದೆಗೆ ಕೋಡ್ ಬರೆಯುವಾಗ ತಪ್ಪು ಕಾಲಂ ಎತ್ತಿಕೊಂಡರು. ಶಿವಾಜಿನಗರದ ದರ್ಜಿಯೊಬ್ಬರು ಮೈ ತುಂಬಿಕೊಂಡಿದ್ದರಿಂದ ವೈದ್ಯರು ಅವರ ತೂಕದ ಗುರಿಯನ್ನು ಏರಿಸಿದ್ದರು. ಪರದೆ ಮಾತ್ರ ಹಿಂದಿನ ಸಲ ಹೊರಟಾಗಿನ ತೂಕವನ್ನೇ ಗುರಿಯೆಂದು ತೋರಿಸಿತು. ಅದನ್ನೇ ನಂಬಿ ನರ್ಸ್ ರೀಟಾ ಹೊಂದಿಸಿದ ಯಂತ್ರ ಅವರ ಮೈಯಿಂದ ಬೇಕಾದ್ದಕ್ಕಿಂತ ಹೆಚ್ಚು ನೀರು ಎಳೆಯಿತು. ಬಿ.ಪಿ. ಕುಸಿದು ಪ್ರಜ್ಞೆ ತಪ್ಪಿತು. ರೀಟಾಳೇ ಓಡಿ ಬಂದು ಯಂತ್ರ ನಿಲ್ಲಿಸಿ ಸಲೈನ್ ಕೊಟ್ಟಿದ್ದಕ್ಕೆ ಆ ಮನುಷ್ಯ ಬದುಕಿದರು.

ನಮ್ಮ ಕಂಪನಿ ಕೇಂದ್ರಕ್ಕೆ ಏನು ಬರೆದು ಕಳಿಸಿತು ಗೊತ್ತೇ? ‘ನರ್ಸಿನ ಅಜಾಗರೂಕತೆ.’ ಕೇಂದ್ರದವರು ಜೀವ ಉಳಿಸಿದವಳನ್ನೇ ಕೆಲಸದಿಂದ ನಿಲ್ಲಿಸಿದರು. ಇಂದಿಗೂ ನೆನೆದರೆ ನನ್ನ ರಕ್ತ ಕುದಿಯುತ್ತದೆ.

ಸುದ್ದಿ ಕೇಳಿದ ಅಕ್ಕ ಬ್ಯಾಗು ಎತ್ತಿಕೊಂಡರು. “ನೀನೂ ಬಾ.” ಆಟೋ ಹಿಡಿದು ರಿಚರ್ಡ್ಸ್ ಟೌನಿನ ಆ ಕೇಂದ್ರಕ್ಕೆ ಹೋದೆವು. ಹಿರಿಯ ವೈದ್ಯರ ಎದುರು ಲ್ಯಾಪ್‌ಟಾಪ್ ತೆರೆದು ಆ ಮೂರು ಕಾಲಂ ತೋರಿಸಿ, “ಇದರಾಗ ಯಾವ ತೂಕ ಯಾವುದು, ನೀವಾ ಹೇಳ್ರಿ ಡಾಕ್ಟ್ರ” ಎಂದರು. ವೈದ್ಯರು ಬಹಳ ಹೊತ್ತು ನೋಡಿದರು, ಗೊತ್ತಾಗಲಿಲ್ಲ. “ಮಾಡಿದ ನಮಗಾ ತಿಳೀಲಿಲ್ಲರಿ. ಆ ಹುಡುಗಿದೇನು ತಪ್ಪು?” ಎಂದರು ಅಕ್ಕ.

ಕೇಂದ್ರದವರು ರೀಟಾಳನ್ನು ವಾಪಸು ಕರೆಸಿಕೊಂಡರು. ನಮ್ಮ ಕಂಪನಿಯವರು ಅಕ್ಕನಿಂದ ರಾಜೀನಾಮೆ ಬರೆಸಿಕೊಂಡರು.

ಕೊನೆಯ ದಿನ ಮ್ಯಾನೇಜರ್ ನಾಚಿಕೆಯಿಲ್ಲದೆ ಕೇಕ್ ತರಿಸಿದ. ಅಕ್ಕ ಚಾಕು ಮುಟ್ಟಲಿಲ್ಲ. “ಮೊದಲ ಆ ಹುಡುಗಿ ಹತ್ರ ಹೋಗಿ ತಪ್ಪಾತು ಅನ್ರಿ. ಆಮ್ಯಾಗ ಕೇಕ್ ತಿನ್ನೂಣು” ಎಂದು ಮೆಟ್ಟಿಲಿಳಿದು ಹೋದರು. ನಾನು ಕೆಳಗಿನವರೆಗೂ ಜೊತೆಗಿದ್ದೆ. ಬಸ್ಸು ಬಂತು. “ಹುಷಾರು ತಮ್ಮಾ” ಎಂದಷ್ಟೇ ಹೇಳಿ ಹತ್ತಿದರು.

ಮೇಲೆ ಬಂದು ನೋಡಿದರೆ ಮ್ಯಾನೇಜರ್ ತಾನೇ ಕೇಕ್ ಕತ್ತರಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದ.