‘ತಗೊಳ್ಳಿ’ ಎಂಬ ಮಾತಿನ ಹಿಂದೆ ಓಡಿದವರು

ನೆರೆ ಇಳಿದ ಮೇಲೆ ಅದು ಬಿಟ್ಟುಹೋದ ನೀರು ಕೊಲ್ಲಲು ಶುರುಮಾಡುತ್ತದೆ. ಹೆಲಿಕಾಪ್ಟರಿನಿಂದ ಕೈಬೀಸಿದ ದೊಡ್ಡವರು ಅಷ್ಟರಲ್ಲಿ ಮನೆ ಸೇರಿರುತ್ತಾರೆ. ಆ ಹೊತ್ತಿನಲ್ಲಿ ಕೆಸರಿಗಿಳಿದು ಕುಡಿಯುವ ನೀರಿನ, ಶೌಚಾಲಯಗಳ ಹೊಣೆ ಹೊತ್ತವರಲ್ಲಿ ನಮ್ಮ ನೀರು ಪರೀಕ್ಷಾ ಪ್ರಯೋಗಾಲಯದ ಮುಖ್ಯಸ್ಥೆ, ನಾವೆಲ್ಲ ‘ಬಿಲ್ಲೆ ಮೇಡಂ’ ಎಂದು ಕರೆಯುವ ಹಿರಿಯರು, ಅಗ್ರಗಣ್ಯರು. ಅವರ ಕೈಕೆಳಗೆ ಕೆಲಸ ಕಲಿತ ನನಗೆ ಅವರ ನಿವೃತ್ತಿಯ ಈ ಅಭಿನಂದನ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ಭಾಗ್ಯ.

ಸೇವೆಗೆ ಸೇರಿದ ಹೊಸದರಲ್ಲೇ ಅವರು, ಶಿಬಿರದ ಶೌಚಾಲಯಗಳಿಗೆ ಒಳಚಿಲಕವಿಲ್ಲವೆಂದು ಹೆಂಗಸರು ಹಗಲಿಡೀ ನೀರು ಕುಡಿಯದೆ ಬಾಯಿ ಒಣಗಿಸಿಕೊಂಡಿರುವುದನ್ನು ಕಂಡು, ಮೇಲಧಿಕಾರಿಯ ಬಾತ್‌ರೂಮಿನ ಚಿಲಕವನ್ನೇ ಬಿಚ್ಚಿ ಮೇಜಿನ ಮೇಲಿಟ್ಟು, “ಸಾರ್, ಈಗ ಆರಾಮಾಗಿ ಹೋಗಿ ಬನ್ನಿ” ಎಂದವರು. ಶಿಬಿರದ ಬಾಗಿಲುಗಳಿಗೆ ಸಂಜೆಯೊಳಗೆ ಚಿಲಕ ಬಿತ್ತು.

ಆ ದೊಡ್ಡ ನೆರೆಯ ವರ್ಷ ಶಾಲೆಯೊಂದರಲ್ಲಿ ಶಿಬಿರವಿತ್ತು. ಕೊಡದ ನೀರಿಗೆ ಹಾಕಬೇಕಾದ ಕ್ಲೋರಿನ್ ಮಾತ್ರೆಗಳನ್ನು ಹಂಚಲು ಬಂದ ಅಧಿಕಾರಿ ಕಾರಿನಿಂದ ಇಳಿಯಲೂ ಇಲ್ಲ. ಮೈಕಿನಲ್ಲಿ “ಎಲ್ರೂ ಮಾತ್ರೆ ತಗೊಳ್ಳಿ, ಮಾತ್ರೆ ತಗೊಳ್ಳಿ” ಎಂದು ಕೂಗಿಸಿ, ಪೊಟ್ಟಣ ಹಂಚಿಸಿ ಹೊರಟುಹೋದರು. ಬಂದು ಪಡೆದುಕೊಳ್ಳಿ ಎಂಬುದು ಅವರ ಅರ್ಥ. ಜ್ವರ ಬಂದಾಗಲೆಲ್ಲ ಡಾಕ್ಟರ ಬಾಯಲ್ಲಿ ಅದೇ ಮಾತು ಕೇಳಿದ್ದ ಜನಕ್ಕೆ ಅದು ನುಂಗಿ ಎಂದೇ ಕೇಳಿಸಿತು. ಕೊಳಾಯಿಯ ಬಳಿ ನೀರಿನ ಮಾದರಿ ಹಿಡಿಯುತ್ತಿದ್ದ ಮೇಡಂ “ಅಯ್ಯೋ, ಏನಂದ ಅವನು?” ಎಂದವರೇ ಸೀಸೆ ಬಿಸಾಕಿ ಓಡಿದರು, “ನುಂಗಬೇಡಿ, ನುಂಗಬೇಡಿ” ಎಂದು ಕೂಗುತ್ತ ಕೋಣೆಯಿಂದ ಕೋಣೆಗೆ.

ಕೊನೆಯ ಕೋಣೆಯಲ್ಲಿ ಒಬ್ಬ ಬಾಣಂತಿ, ಮಡಿಲಲ್ಲಿ ಹಸುಗೂಸು. ಅತ್ತೆ ಲೋಟ ಹಿಡಿದು ಒತ್ತಾಯಿಸುತ್ತಿದ್ದರು: “ಮೂಗು ಮುಚ್ಕೊಂಡು ನುಂಗಮ್ಮ. ಸರ್ಕಾರದ್ದು ಪುಕ್ಕಟೆ ಅಂದ್ಮೇಲೆ ಕಹಿ ಇರದೆ ಇರುತ್ತಾ?”

ಮಾತ್ರೆ ಆಗಲೇ ಅವಳ ಬಾಯಲ್ಲಿ ಕರಗತೊಡಗಿತ್ತು. ಮೇಡಂ ಬೆರಳು ಹಾಕಿ ತೆಗೆದರು, ಬಾಯಿ ತೊಳೆಸಿದರು. ಎಷ್ಟು ಒಳಗೆ ಹೋಗಿದೆ, ಗಂಟಲು ಊದಿಕೊಂಡರೆ ಉಸಿರಿನ ಗತಿಯೇನು, ಶಿಬಿರದ ಡಾಕ್ಟರೂ ಹೇಳಲಾರದೆ “ಕಾಯ್ಬೇಕು” ಎಂದರು. ಕೂಸು ಅಳುತ್ತಿತ್ತು. ಬಾಣಂತಿ ಉಗುಳು ನುಂಗಿದಾಗಲೆಲ್ಲ ಮೇಡಂ ಕಣ್ಣು ಅವಳ ಗಂಟಲ ಮೇಲೆ. “ಮಾತಾಡಮ್ಮ, ಏನಾದ್ರೂ ಮಾತಾಡು.” ಹೊತ್ತು ಇಳಿಯುವ ವೇಳೆಗೆ ಅವಳು ಒಡೆದ ದನಿಯಲ್ಲಿ, “ಅತ್ತೆ, ಇನ್ಮೇಲೆ ಪುಕ್ಕಟೆದು ಏನಿದ್ರೂ ಮೊದ್ಲು ನೀವು ತಗೊಳ್ಳಿ” ಎಂದಳು. ಮೇಡಂ ನಕ್ಕರು.

ಮರುದಿನವೇ ‘ಮಾತ್ರೆ’ ಎಂಬ ಪದವನ್ನು ಶಿಬಿರದಿಂದ ಹೊರಗಟ್ಟಿ ‘ಬಿಲ್ಲೆ’ ಎಂದರು; ಜನರ ಕೈಗೆ ಕೊಡದೆ, ಪ್ರತಿಯೊಬ್ಬರ ಕೊಡಕ್ಕೂ ತಾವೇ ಹಾಕಿ ತೋರಿಸಿದರು. ತಡವಾಗುತ್ತದೆಂದು ಗದರಿದ ಅದೇ ಅಧಿಕಾರಿಗೆ, “ಆಗ್ಲಿ ಬಿಡಿ ಸಾರ್, ಹೆಣ ಎತ್ತೋದಕ್ಕಿಂತ ಬೇಗ ಆಗುತ್ತೆ” ಎಂದರು. ಅವರಿಗೆ ಅಡ್ಡಹೆಸರು ಬಂದದ್ದು ಹೀಗೆ. ಅಧಿಕಾರಿಗೆ ಬಂದದ್ದು ಬಡ್ತಿ.

ಮೇಡಂ, ನೀವು ಆರೋಗ್ಯದಿಂದ ಬಹುಕಾಲ ಬಾಳಬೇಕು, ಕೆಲಸದಲ್ಲಿಯೂ ಇರಬೇಕು. ಈ ಹಾರೈಕೆಯಲ್ಲಿ ನಮ್ಮ ಸ್ವಾರ್ಥವಿದೆ. ನಿಮ್ಮ ಜಾಗಕ್ಕೆ ಇನ್ನೂ ಯಾರನ್ನೂ ನೇಮಿಸಿಲ್ಲ; ಹೊಳೆಯ ಮಟ್ಟ ಏರುತ್ತಿದೆಯೆಂಬ ಸುದ್ದಿ ಈ ಸಾಲು ಬರೆಯುವಾಗಲೇ ಬಂದಿದೆ. ಸನ್ಮಾನ ಮುಗಿಸಿ ಮನೆಗೆ ಹೋದ ಮೇಲೆ, ದಯವಿಟ್ಟು ಫೋನ್ ಆಫ್ ಮಾಡಬೇಡಿ.